ಹನ್ನೊಂದು ಮೆಗಾಬೈಟಿಗೇ ನಿಂತುಬಿಡುವ ಸರ್ವರ್: ತಜ್ಞರ ಉತ್ತರ

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದು ಮದುವೆ ಆಲ್ಬಮ್ ವಿನ್ಯಾಸದ ಘಟಕ. ನೆಲಮಹಡಿಯಲ್ಲಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ಮತ್ತು ವಿಂಡೋಸ್ ಕಂಪ್ಯೂಟರ್‌ಗಳೊಂದಿಗೆ ಕಡತ ಹಂಚಿಕೊಳ್ಳುವ ಸಾಂಬಾ ತಂತ್ರಾಂಶ ಹಾಕಿದ ಸರ್ವರ್ ಇದೆ. 16 ಜಿಬಿ ರ‍್ಯಾಮ್, ರೇಯ್ಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವ ಜೋಡಣೆ) ನಾಲ್ಕು ಹಾರ್ಡ್‌ಡಿಸ್ಕ್. ಎರಡೂ ಮಹಡಿಗಳಲ್ಲಿ ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಕೂಡಿಸುವ ಸ್ವಿಚ್‌ಗಳು ಗಿಗಾಬಿಟ್‌ನವು (ಸೆಕೆಂಡಿಗೆ 1000 ಮೆಗಾಬಿಟ್). ಆದರೂ ಮೇಲಿನ ಮಹಡಿಯ ವಿನ್ಯಾಸಕರಿಗೆ ಫೋಟೊ ಕಾಪಿಯ ವೇಗ ಸೆಕೆಂಡಿಗೆ 11 ಮೆಗಾಬೈಟ್ ದಾಟುವುದಿಲ್ಲ. ಕೆಳಗಿನವರಿಗೆ ನೂರರ ಮೇಲೆ ಬರುತ್ತದೆ. ಆದರೆ ಅವರು ಸರ್ವರ್‌ಗೆ ದೊಡ್ಡ ಫೋಲ್ಡರ್ ಹಾಕುವಾಗ ಅರ್ಧ ನಿಮಿಷ ಕಳೆದ ಮೇಲೆ ವೇಗ 30ಕ್ಕೆ ಕುಸಿಯುತ್ತದೆ, ಪ್ರಿವ್ಯೂಗಳಂಥ ಸಣ್ಣ ಚಿತ್ರಗಳಾದರೆ 4ಕ್ಕೆ. ರಾತ್ರಿ ಬೆಂಗಳೂರಿನ ಪ್ರೆಸ್‌ಗೆ ಕಡತ ಕಳುಹಿಸುವುದು ಬೆಳಗಾದರೂ ಮುಗಿದಿರುವುದಿಲ್ಲ. ಅಂಗಡಿಯವರು ಹೊಸ ಸರ್ವರ್, 10 ಗಿಗಾಬಿಟ್ ಕಾರ್ಡ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬೇಕೆ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಬರೆದಿರುವುದು ಒಂದೇ ತೊಂದರೆಯಂತೆ ಕಂಡರೂ ಅದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ತೊಂದರೆಗಳು ಸೇರಿಕೊಂಡಿವೆ. ಮೇಲಿನ ಮಹಡಿಯದು ತಂತಿಯ ತೊಂದರೆ. ಅರ್ಧ ನಿಮಿಷದ ಬಳಿಕ ವೇಗ ಕುಸಿಯುವುದು ಡಿಸ್ಕ್‌ನಿಂದ. ಸಣ್ಣ ಚಿತ್ರಗಳ ನಿಧಾನಗತಿ ಪ್ರತಿಯೊಂದು ಕಡತವನ್ನೂ ತೆರೆದು ಮುಚ್ಚುವ ಕೆಲಸದಿಂದ. ಬೆಂಗಳೂರಿನದು ಬ್ರಾಡ್‌ಬ್ಯಾಂಡ್ ಸಂಪರ್ಕದಿಂದ. 10 ಗಿಗಾಬಿಟ್ ಕಾರ್ಡ್ ಈ ನಾಲ್ಕರಲ್ಲಿ ಒಂದನ್ನೂ ಸರಿಪಡಿಸುವುದಿಲ್ಲ. ವೇಗ ಕಡಿಮೆಯಾದೊಡನೆ ಇಡೀ ವ್ಯವಸ್ಥೆಯನ್ನೇ ದೂರುವ ಬದಲು ಘಟಕದೊಳಗಿನ ತಂತಿ, ಡಿಸ್ಕ್, ಕಡತ ವ್ಯವಹಾರ ಈ ಮೂರನ್ನೂ ಬೇರೆ ಬೇರೆಯಾಗಿ ಅಳೆದರೆ ತಪ್ಪು ಎಲ್ಲಿದೆ ಎಂಬುದು ಒಂದು ಮಧ್ಯಾಹ್ನದೊಳಗೆ ತಿಳಿಯುತ್ತದೆ.

ಮೊದಲು 11 ಎಂಬ ಅಂಕಿಯನ್ನೇ ನೋಡೋಣ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಅದೇ. ನೆಟ್‌ವರ್ಕ್‌ನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ತಂತಿಯಲ್ಲಿ ಲೆಕ್ಕದ ಪ್ರಕಾರ 12.5 ಮೆಗಾಬೈಟ್ ಹೋಗಬೇಕು. ಆದರೆ ತಂತಿಯ ಮೇಲೆ 1538 ಬೈಟ್‌ಗಳಷ್ಟು ಜಾಗ ತೆಗೆದುಕೊಳ್ಳುವ ಒಂದೊಂದು ಪ್ಯಾಕೆಟ್‌ನಲ್ಲಿ ನಿಮ್ಮ ಫೋಟೊದ ಪಾಲು ಹೆಚ್ಚೆಂದರೆ 1460 ಬೈಟ್. ಉಳಿದದ್ದು ವಿಳಾಸ, ತಪಾಸಣೆಯ ಅಂಕಿ, ಎರಡು ಪ್ಯಾಕೆಟ್‌ಗಳ ನಡುವಿನ ಅಂತರ ಇತ್ಯಾದಿ. ಹೀಗೆ ಸುಮಾರು ಶೇ 5 ಕಳೆದು 11.9 ಮೆಗಾಬೈಟ್ ಉಳಿಯುತ್ತದೆ. ವಿಂಡೋಸ್ ಒಂದು ಮೆಗಾಬೈಟನ್ನು 10,48,576 ಬೈಟ್ ಎಂದು ಎಣಿಸುವುದರಿಂದ ಪರದೆಯ ಮೇಲೆ ಅದು 11.2 ಅಥವಾ 11.3 ಎಂದು ಕಾಣುತ್ತದೆ. ಇದೇ ಲೆಕ್ಕದಲ್ಲಿ ಗಿಗಾಬಿಟ್ ತಂತಿಯಾದರೆ 113ರ ಆಸುಪಾಸು ಬರಬೇಕು. ವೇಗವು 11ರಲ್ಲಿ ಅಲುಗಾಡದೆ ನಿಂತಿದ್ದರೆ ದಾರಿಯಲ್ಲಿ ಎಲ್ಲೋ ಒಂದು ತಂತಿ 100 ಮೆಗಾಬಿಟ್‌ನಲ್ಲಿ ಕೆಲಸ ಮಾಡುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಡಿಸ್ಕ್ ಸೋತಾಗ ವೇಗ ಏರಿಳಿಯುತ್ತದೆ. ಹೀಗೆ ಗೆರೆ ಎಳೆದಂತೆ ನಿಲ್ಲುವುದಿಲ್ಲ.

ಆ ತಂತಿ ಯಾವುದು? ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ವಿವರ ತೆರೆದರೆ ಲಿಂಕ್ ಸ್ಪೀಡ್ ಎಂಬ ಸಾಲು ಇರುತ್ತದೆ. ಮೇಲಿನ ಮಹಡಿಯ ಪ್ರತಿ ಕಂಪ್ಯೂಟರ್‌ನಲ್ಲೂ ಅದನ್ನು ನೋಡಿ. ಅಲ್ಲಿ 100 ಎಂದಿದ್ದರೆ ಆ ಕಂಪ್ಯೂಟರ್‌ನ ಸ್ವಂತ ತಂತಿಯಲ್ಲೇ ದೋಷವಿದೆ. ಆದರೆ ಎಲ್ಲ ಕಡೆಯೂ 1000 ಎಂದಿದ್ದೂ ವೇಗ 11ರಲ್ಲೇ ನಿಂತಿರಬಹುದು. ನಿಮ್ಮಲ್ಲಿ ಹಾಗೆಯೇ ಆಗಿದೆ ಎಂದು ನನ್ನ ಊಹೆ, ಏಕೆಂದರೆ ಮೇಲಿನ ಎಲ್ಲರಿಗೂ ಒಂದೇ ಅಂಕಿ ಬರುತ್ತಿದೆ. ಕಂಪ್ಯೂಟರ್ ತನಗೂ ತನ್ನ ಪಕ್ಕದ ಸ್ವಿಚ್‌ಗೂ ನಡುವಿನ ತಂತಿಯ ವೇಗವನ್ನು ಮಾತ್ರ ಹೇಳುತ್ತದೆ. ಮೇಲಿನ ಸ್ವಿಚ್‌ನಿಂದ ಕೆಳಗಿನ ಸ್ವಿಚ್‌ಗೆ ಇಳಿಯುವ ಕೇಬಲ್ 100ಕ್ಕೆ ಬಿದ್ದಿದ್ದರೆ ಅದು ಯಾರ ಪರದೆಯಲ್ಲೂ ಕಾಣುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಯಾವ ಉಪಕರಣವೂ ಬೇಡ. ಮೇಲಿನ ಇಬ್ಬರು ಒಂದೇ ಸಮಯಕ್ಕೆ ಸರ್ವರ್‌ನಿಂದ ಒಂದೊಂದು ದೊಡ್ಡ ಕಡತವನ್ನು ಕಾಪಿ ಮಾಡಲಿ. ಇಬ್ಬರಿಗೂ ತಲಾ 11 ಬಂದರೆ ಪ್ರತಿಯೊಬ್ಬರ ತಂತಿಯಲ್ಲೂ ಬೇರೆ ಬೇರೆ ದೋಷವಿದೆ. ಇಬ್ಬರಿಗೂ ಐದೂವರೆಯಂತೆ ಹಂಚಿಹೋದರೆ ಇಬ್ಬರೂ ಹಂಚಿಕೊಳ್ಳುತ್ತಿರುವ ಒಂದೇ ತಂತಿ, ಅಂದರೆ ಮಹಡಿಗಳ ನಡುವಿನ ಕೇಬಲ್, ಅಪರಾಧಿ. ಬಹಳಷ್ಟು ಸ್ವಿಚ್‌ಗಳಲ್ಲಿ ಆ ಕೇಬಲ್ ಸೇರುವ ಪೋರ್ಟ್‌ನ ದೀಪದ ಬಣ್ಣವೂ ಉಳಿದವುಗಳಿಗಿಂತ ಬೇರೆಯಾಗಿರುತ್ತದೆ; ಯಾವ ಬಣ್ಣಕ್ಕೆ ಯಾವ ವೇಗ ಎಂಬುದನ್ನು ಸ್ವಿಚ್‌ನ ಮುಖದ ಮೇಲೆಯೇ ಸಣ್ಣಕ್ಷರದಲ್ಲಿ ಮುದ್ರಿಸಿರುವುದುಂಟು.

ಗಿಗಾಬಿಟ್ ಸ್ವಿಚ್‌ಗಳ ನಡುವಿನ ಕೇಬಲ್ 100ಕ್ಕೆ ಏಕೆ ಇಳಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಊರುಗಳ ಕಟ್ಟಡಗಳಲ್ಲಿ ನಾನು ಕಾಣುವ ಹೆಚ್ಚಿನ ದೂರುಗಳು ಇಲ್ಲಿಯೇ ಕೊನೆಗೊಳ್ಳುತ್ತವೆ. ಲ್ಯಾನ್ ಕೇಬಲ್‌ನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. 1, 2, 3 ಮತ್ತು 6ನೇ ಪಿನ್‌ಗಳಲ್ಲಿ ಕೂರುವ ಕಿತ್ತಳೆ ಮತ್ತು ಹಸಿರು ಜೋಡಿಗಳು ಆ ಕೆಲಸ ಮಾಡುತ್ತವೆ. 1999ರಲ್ಲಿ ರೂಪುಗೊಂಡ ತಾಮ್ರದ ಗಿಗಾಬಿಟ್ ಮಾನಕಕ್ಕೆ ನಾಲ್ಕೂ ಜೋಡಿಗಳು ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ಕನೆಕ್ಟರ್‌ನೊಳಗೆ ಸಡಿಲವಾಗಿದ್ದರೂ ಈಗಿನ ಕಾರ್ಡ್‌ಗಳು ಮತ್ತು ಸ್ವಿಚ್‌ಗಳು ಸಂಪರ್ಕ ಕಡಿದುಹೋಗದಿರಲೆಂದು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಇಂಟರ್ನೆಟ್ ಬರುತ್ತಿರುತ್ತದೆ, ಪ್ರಿಂಟರ್ ಓಡುತ್ತಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಗೋಡೆಯಲ್ಲಿ ಲ್ಯಾನ್ ಕೇಬಲ್ ಬಂದು ಸೇರುವ ಐಓ ಬಾಕ್ಸ್ ಬಿಚ್ಚಿ ಒಳಗೆ ನೋಡಿ. ಹಳೆಯ ಕಟ್ಟಡವಾದರೆ ನೀಲಿ ಮತ್ತು ಕಂದು ಜೋಡಿಗಳನ್ನು ಇಂಟರ್‌ಕಾಮ್‌ಗೋ ಇನ್ನೊಂದು ಕಂಪ್ಯೂಟರ್‌ಗೋ ಬೇರ್ಪಡಿಸಿ ಕೊಟ್ಟಿರಬಹುದು. ಒಂದು ಕೇಬಲ್ ಉಳಿಸಲು ಹಿಂದೆ ಹೀಗೆ ಮಾಡುವ ರೂಢಿಯಿತ್ತು, 100 ಮೆಗಾಬಿಟ್‌ನ ಕಾಲಕ್ಕೆ ಅದರಿಂದ ನಷ್ಟವೂ ಇರಲಿಲ್ಲ. ಇನ್ನೊಂದು ಸೂಕ್ಷ್ಮ ತಪ್ಪೆಂದರೆ, ಎರಡೂ ತುದಿಗಳಲ್ಲಿ ಬಣ್ಣಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದರೂ ಆ ಕ್ರಮ ಮಾನಕದ ಪ್ರಕಾರ ಇಲ್ಲದಿರುವುದು. ಬಿಳಿಗಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಗಂದು, ಕಂದು ಎಂಬ ಕ್ರಮದಲ್ಲಿ ಹಸಿರು ಜೋಡಿ ನೀಲಿಯ ಎರಡೂ ಬದಿಗೆ ಹಂಚಿಹೋಗಿರುವುದು ಉದ್ದೇಶಪೂರ್ವಕ. ಅದನ್ನು ಅರಿಯದೆ ಜೋಡಿಗಳನ್ನು ಸಾಲಾಗಿ ಇಟ್ಟು ಕ್ರಿಂಪ್ ಮಾಡಿದರೆ 3 ಮತ್ತು 6ನೇ ಪಿನ್‌ಗಳಿಗೆ ಬೇರೆ ಬೇರೆ ಹೆಣಿಗೆಯ ತಂತಿಗಳು ಬರುತ್ತವೆ, ಒಂದರ ಸಂಕೇತ ಇನ್ನೊಂದಕ್ಕೆ ಹರಿಯುತ್ತದೆ. ಎಂಟು ದೀಪಗಳ ಅಗ್ಗದ ಟೆಸ್ಟರ್ ಇಂಥ ಕೇಬಲನ್ನೂ ಪಾಸ್ ಮಾಡುತ್ತದೆ, ಏಕೆಂದರೆ ತಂತಿ ತುಂಡಾಗಿದೆಯೇ ಇಲ್ಲವೇ ಎಂಬುದನ್ನಷ್ಟೇ ಅದು ನೋಡುತ್ತದೆ. ಕೇಬಲ್ ಹಾಕಿದವರು ಟೆಸ್ಟರ್ ಹಿಡಿದು ತೋರಿಸಿದರೆಂಬ ಕಾರಣಕ್ಕೆ ಕೇಬಲ್ ಸರಿಯಿದೆ ಎಂದು ಒಪ್ಪಿಕೊಳ್ಳಬೇಡಿ.

ಕೇಬಲ್ ಯಾವುದರಿಂದ ಮಾಡಿದ್ದು ಎಂಬುದನ್ನೂ ನೋಡಬೇಕು. ಒಂದು ತಂತಿಯ ತುದಿಯನ್ನು ಬ್ಲೇಡ್‌ನಿಂದ ಮೆಲ್ಲಗೆ ಹೆರೆದರೆ, ಒಳಗೂ ಕೆಂಪಗಿದ್ದರೆ ಅದು ತಾಮ್ರ. ಬೆಳ್ಳಗೆ ಕಂಡರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. 305 ಮೀಟರ್‌ನ ಪೆಟ್ಟಿಗೆ ಕೈಗೆ ಅಚ್ಚರಿಯಾಗುವಷ್ಟು ಹಗುರವಾಗಿದ್ದರೂ ಅದೇ ಅರ್ಥ. ಅಲ್ಯೂಮಿನಿಯಂ ತಂತಿಯ ವಿದ್ಯುತ್ ಪ್ರತಿರೋಧ ಹೆಚ್ಚು, ಬಾಗಿಸಿದಲ್ಲಿ ಮತ್ತು ಪಂಚ್ ಮಾಡಿದಲ್ಲಿ ಬೇಗ ಮುರಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥ ಕೇಬಲ್ ಸಿಕ್ಕರೆ ಕನೆಕ್ಟರ್ ಬದಲಿಸುತ್ತ ಕೂರದೆ ಇಡೀ ಕೇಬಲನ್ನೇ ತೆಗೆದು ಪೂರ್ಣ ತಾಮ್ರದ ಕ್ಯಾಟ್ 6 ಎಳೆಸುವುದು ಒಳ್ಳೆಯದು. ಎಳೆಸುವಾಗ ಕರೆಂಟಿನ ವೈರ್ ಇರುವ ಪೈಪ್‌ನಲ್ಲೇ ತೂರಿಸಲು ಬಿಡಬೇಡಿ, ಬೇರೆ ಪೈಪ್ ಹಾಕಿಸಿ. ಹೊರಗೋಡೆಯ ಮೇಲೆ ಬಿಸಿಲಿಗೆ ಒಡ್ಡಿಕೊಂಡು ಕೇಬಲ್ ಹೋಗಿದ್ದರೆ ಬೇಸಿಗೆ ಮಳೆಯ ಸಿಡಿಲು ಪೋರ್ಟನ್ನು ಅರೆಬರೆ ಕೆಡಿಸಿರುವ ಸಾಧ್ಯತೆಯೂ ಇದೆ. ಕೇಬಲ್ ಸರಿಯಿದ್ದೂ 100ಕ್ಕೇ ನಿಂತರೆ ಸ್ವಿಚ್‌ನ ಬೇರೆ ಪೋರ್ಟ್‌ಗೆ ಹಾಕಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ. ವೇಗ 100ಕ್ಕೆ ಬಿದ್ದಿದೆಯೆಂದು ಕಾರ್ಡ್‌ನ ಡ್ರೈವರ್ ಸೆಟ್ಟಿಂಗ್‌ನಲ್ಲಿ ವೇಗವನ್ನು ಕೈಯಿಂದ ನಿಗದಿ ಮಾಡಬೇಡಿ. ತಾಮ್ರದ ಗಿಗಾಬಿಟ್‌ನಲ್ಲಿ ಎರಡೂ ಬದಿಗಳು ತಾವಾಗಿ ಮಾತಾಡಿಕೊಂಡು ವೇಗ ಗೊತ್ತುಮಾಡುವ ಆಟೊ ನೆಗೋಶಿಯೇಷನ್ ಕಡ್ಡಾಯ. ಒಂದು ಬದಿಯನ್ನು 100 ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕಿನ ಸಾಗಣೆ) ಎಂದು ಕಟ್ಟಿಹಾಕಿದರೆ ಇನ್ನೊಂದು ಬದಿಗೆ ವೇಗ ಮಾತ್ರ ತಿಳಿಯುತ್ತದೆ, ಡ್ಯೂಪ್ಲೆಕ್ಸ್ ತಿಳಿಯುವುದಿಲ್ಲ. ಅದು ಒಮ್ಮೆಗೆ ಒಂದೇ ದಿಕ್ಕಿನ ಹಾಫ್ ಡ್ಯೂಪ್ಲೆಕ್ಸ್‌ಗೆ ಹೋಗುತ್ತದೆ. ಆಗ ಸಂಪರ್ಕ ಇದೆಯೇ ಎಂದು ನೋಡುವ ಪಿಂಗ್ ಪರೀಕ್ಷೆ ಚೆನ್ನಾಗಿಯೇ ಬರುತ್ತದೆ, ಆದರೆ ದೊಡ್ಡ ಕಡತ ಹಾಕಿದೊಡನೆ ಪ್ಯಾಕೆಟ್‌ಗಳು ಡಿಕ್ಕಿಯಾಗಿ ವೇಗ ಒಂದು ಮೆಗಾಬೈಟ್‌ಗೂ ಕೆಳಗಿಳಿಯಬಹುದು.

ಕೇಬಲ್ ಸರಿಪಡಿಸಿದ ಮೇಲೆ ತಂತಿಯನ್ನು ಡಿಸ್ಕ್‌ನ ಸಂಗವಿಲ್ಲದೆ ಅಳೆಯಿರಿ. ಐಪರ್ಫ್ 3 ಎಂಬ ಉಚಿತ ತಂತ್ರಾಂಶ ಒಂದು ಕಂಪ್ಯೂಟರ್‌ನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ದತ್ತಾಂಶ ಕಳುಹಿಸಿ ವೇಗ ಹೇಳುತ್ತದೆ. ಕಡತವಾಗಲಿ ಡಿಸ್ಕ್ ಆಗಲಿ ಸಾಂಬಾ ಆಗಲಿ ನಡುವೆ ಬರುವುದಿಲ್ಲ. ಸರ್ವರ್‌ನಲ್ಲಿ ಅದನ್ನು ಸರ್ವರ್ ರೀತಿಯಲ್ಲಿ ಓಡಿಸಿ, ಫೈರ್‌ವಾಲ್‌ನಲ್ಲಿ 5201ನೇ ಪೋರ್ಟ್ ತೆರೆದು, ಮೇಲಿನ ಕಂಪ್ಯೂಟರ್‌ನಿಂದ ಪರೀಕ್ಷಿಸಿ. ಸೆಕೆಂಡಿಗೆ 940 ಮೆಗಾಬಿಟ್‌ನ ಆಸುಪಾಸು ಬಂದರೆ ತಂತಿ ಆರೋಗ್ಯವಾಗಿದೆ. ಬಳಿಕ ದೊಡ್ಡಕ್ಷರದ ‘ಆರ್’ ಆಯ್ಕೆ ಕೊಟ್ಟು ಎದುರು ದಿಕ್ಕಿನಲ್ಲೂ ಅಳೆಯಲೇಬೇಕು. ಒಂದು ದಿಕ್ಕಿಗೆ 940, ಇನ್ನೊಂದಕ್ಕೆ 300 ಎಂದು ಬಂದರೆ ಒಂದು ಜೋಡಿಯೋ ಪೋರ್ಟೋ ಪ್ಯಾಕೆಟ್‌ಗಳನ್ನು ಕೆಡಿಸುತ್ತಿರಬಹುದು. ಸರ್ವರ್‌ನಲ್ಲಿ ಈಥ್‌ಟೂಲ್ ಎಂಬ ಆಜ್ಞೆಯ ಅಂಕಿಅಂಶ ತೆಗೆದರೆ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್‌ಗಳ) ಎಣಿಕೆ ಸಿಗುತ್ತದೆ. ಎಣಿಕೆ ಎಷ್ಟಿದೆ ಎಂಬುದಕ್ಕಿಂತ, ಪರೀಕ್ಷೆ ನಡೆಯುವಾಗ ಏರುತ್ತಿದೆಯೇ ಎಂಬುದು ಮುಖ್ಯ. ಸರ್ವರ್‌ನ ಕೌಂಟರ್ ಸರ್ವರ್‌ಗೆ ಸೇರಿದ ತಂತಿಯ ಬಗ್ಗೆ ಮಾತ್ರ ಹೇಳುತ್ತದೆ ಎಂಬುದನ್ನೂ ಮರೆಯಬೇಡಿ. ಮಹಡಿಗಳ ನಡುವಿನ ಕೇಬಲ್‌ನ ದೋಷ ಅಲ್ಲಿ ಕಾಣುವುದಿಲ್ಲ, ಅದಕ್ಕೆ ಪ್ರತಿ ಪೋರ್ಟ್‌ನ ಲೆಕ್ಕ ತೋರಿಸುವ ಮ್ಯಾನೇಜ್ಡ್ ಸ್ವಿಚ್ ಬೇಕು.

ಇನ್ನು ಅರ್ಧ ನಿಮಿಷದ ಬಳಿಕ 30ಕ್ಕೆ ಕುಸಿಯುವ ವಿಷಯ. ಲಿನಕ್ಸ್ ತನಗೆ ಬಂದ ದತ್ತಾಂಶವನ್ನು ಕೂಡಲೇ ಡಿಸ್ಕ್‌ಗೆ ಬರೆಯದೆ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಲಭ್ಯ ಮೆಮೊರಿಯ ಶೇ 20ರವರೆಗೆ. ನಿಮ್ಮ 16 ಜಿಬಿಯಲ್ಲಿ ಅದು ಸುಮಾರು 3 ಜಿಬಿ. ಸೆಕೆಂಡಿಗೆ 110 ಮೆಗಾಬೈಟ್‌ನಂತೆ ತುಂಬಿದರೆ ಅರ್ಧ ನಿಮಿಷಕ್ಕೆ ಮಿತಿ ಮುಟ್ಟುತ್ತದೆ, ಅಲ್ಲಿಂದಾಚೆಗೆ ಡಿಸ್ಕ್ ಎಷ್ಟು ಬರೆಯಬಲ್ಲದೋ ಅಷ್ಟೇ ವೇಗ. ಅಂದರೆ ಮೊದಲು ಕಾಣುವ 110 ತಂತಿಯ ವೇಗ, ಆಮೇಲೆ ಕಾಣುವ 30 ನಿಮ್ಮ ಡಿಸ್ಕ್‌ಗಳ ನಿಜವಾದ ವೇಗ.

ಆದರೆ ನಾಲ್ಕು ಆರೋಗ್ಯವಂತ ಡಿಸ್ಕ್‌ಗಳ ರೇಯ್ಡ್ 5 ದೊಡ್ಡ ಕಡತಗಳನ್ನು ಸರಾಗವಾಗಿ ನೂರಕ್ಕೂ ಹೆಚ್ಚು ವೇಗದಲ್ಲಿ ಬರೆಯಬೇಕು. 30 ಎಂಬುದು ಆತಂಕ ಪಡಬೇಕಾದ ಅಂಕಿ, ಇದನ್ನು ನಾಳೆಗೆ ಮುಂದೂಡಬೇಡಿ. ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಯ್ಡ್ ಆಗಿದ್ದರೆ ಪ್ರಾಕ್ ಫೋಲ್ಡರ್‌ನಲ್ಲಿರುವ ಎಂಡಿಸ್ಟ್ಯಾಟ್ ಕಡತ ತೆರೆಯಿರಿ. ನಾಲ್ಕು ಡಿಸ್ಕ್‌ಗಳಿಗೆ ನಾಲ್ಕು ‘ಯು’ ಅಕ್ಷರಗಳು ಸಾಲಾಗಿ ಇರಬೇಕು. ಒಂದರ ಜಾಗದಲ್ಲಿ ಅಡಿಗೆರೆ ಇದ್ದರೆ ಒಂದು ಡಿಸ್ಕ್ ಆಗಲೇ ಹೊರಬಿದ್ದಿದೆ, ಇನ್ನೊಂದು ಹೋದರೆ ಗಿರಾಕಿಗಳ ಮದುವೆಯ ಫೋಟೊಗಳೆಲ್ಲ ಹೋದಂತೆ. ಹಾಗೆ ಕಂಡುಬಂದರೆ ವೇಗದ ವಿಚಾರ ಬದಿಗಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಅದೇ ಕಡತದಲ್ಲಿ ಚೆಕ್ (ತಪಾಸಣೆ) ಅಥವಾ ರೀಸಿಂಕ್ (ಡಿಸ್ಕ್‌ಗಳ ಮರುಹೊಂದಾಣಿಕೆ) ನಡೆಯುತ್ತಿದೆ ಎಂದಿದ್ದರೆ ಅದು ಮುಗಿಯುವವರೆಗೆ ವೇಗ ಕಡಿಮೆ ಇರುವುದು ಸಹಜ. ಉಬುಂಟುವಿನಲ್ಲಿ ಈ ತಪಾಸಣೆ ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ನಸುಕಿನಲ್ಲಿ ತಾನಾಗಿ ಶುರುವಾಗುತ್ತದೆ.

ಎಲ್ಲ ಡಿಸ್ಕ್‌ಗಳೂ ಇದ್ದರೆ, ಕಾಪಿ ನಡೆಯುವಾಗ ಡಿಸ್ಕ್‌ಗಳ ಕೆಲಸ ತೋರಿಸುವ ಐಓಸ್ಟ್ಯಾಟ್ ಆಜ್ಞೆ ಓಡಿಸಿ ಪ್ರತಿ ಡಿಸ್ಕ್‌ನ ಬಳಕೆಯ ಶೇಕಡಾವಾರು ಹೋಲಿಸಿ. ಮೂರು ಡಿಸ್ಕ್‌ಗಳು 30ರಲ್ಲಿದ್ದು ಒಂದು ಮಾತ್ರ 100 ಮುಟ್ಟಿದ್ದರೆ ಆ ಒಂದು ಡಿಸ್ಕ್ ಉಳಿದವನ್ನೆಲ್ಲ ಕಾಯಿಸುತ್ತಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಪೆಂಡಿಂಗ್ ಸೆಕ್ಟರ್‌ಗಳು (ಸರಿಯಾಗಿ ಓದಲಾಗದ ಜಾಗಗಳು) ಕಂಡರೆ ಅದನ್ನು ಬದಲಿಸಿ. ಸಿಆರ್‌ಸಿ ಎಣಿಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮುನ್ನ ಅದನ್ನು ಸರ್ವರ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ. ನಾಲ್ಕೂ ಒಂದೇ ರೀತಿ ಸೋಲುತ್ತಿದ್ದರೆ ಅವುಗಳ ಮಾದರಿ ಸಂಖ್ಯೆಯನ್ನು ತಯಾರಕರ ವಿವರಪಟ್ಟಿಯಲ್ಲಿ ಹುಡುಕಿ, ಎಸ್‌ಎಂಆರ್ ಬಗೆಯವೇ ಎಂದು ನೋಡಿ. ಒಂದರ ಮೇಲೊಂದು ಹಾಸಿದ ಟ್ರ್ಯಾಕ್‌ಗಳಿರುವ ಈ ಡಿಸ್ಕ್‌ಗಳಲ್ಲಿ ಹೊಸದನ್ನು ಬರೆಯಲು ಪಕ್ಕದ ಟ್ರ್ಯಾಕ್‌ಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಮನೆಯ ಬ್ಯಾಕಪ್‌ಗೆ ಅವು ಸಾಕು, ರೇಯ್ಡ್‌ಗೆ ಖಂಡಿತ ಅಲ್ಲ. ಡಿಡಿ ಆಜ್ಞೆಯಿಂದ ಡಿಸ್ಕ್ ಪರೀಕ್ಷಿಸಲು ಯಾರಾದರೂ ಸೂಚಿಸಿದರೆ, ಬರೆಯುವ ಗುರಿಯಾಗಿ ಒಂದು ಹೊಸ ಕಡತದ ಹೆಸರನ್ನೇ ಕೊಡಿ. ತಪ್ಪಿ ಡಿಸ್ಕ್‌ನ ಹೆಸರು ಕೊಟ್ಟರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಸಣ್ಣ ಚಿತ್ರಗಳ ನಿಧಾನಗತಿಗೆ ಲೆಕ್ಕವೇ ಉತ್ತರ ಕೊಡುತ್ತದೆ. ಪ್ರತಿ ಕಡತಕ್ಕೂ ಹೆಸರು ಹುಡುಕುವುದು, ತೆರೆಯುವುದು, ಬರೆಯುವುದು, ದಿನಾಂಕ ನಮೂದಿಸುವುದು, ಮುಚ್ಚುವುದು ಎಂದು ಕಂಪ್ಯೂಟರ್ ಮತ್ತು ಸರ್ವರ್ ನಡುವೆ ಹಲವು ಬಾರಿ ಮಾತುಕತೆ ನಡೆಯಬೇಕು. ಸರ್ವರ್ ಡಿಸ್ಕ್‌ನ ಬೇರೆ ಬೇರೆ ಜಾಗಗಳಲ್ಲಿ ಬರೆಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಬೇಕು. ರೇಯ್ಡ್ 5ರಲ್ಲಿ ಸಣ್ಣದೊಂದು ಬರಹಕ್ಕೆ ಹಳೆಯ ದತ್ತಾಂಶ ಮತ್ತು ಪ್ಯಾರಿಟಿಯನ್ನು (ಡಿಸ್ಕ್ ಕೆಟ್ಟಾಗ ದತ್ತಾಂಶ ಮರಳಿ ಪಡೆಯಲು ಬರೆದಿಡುವ ಲೆಕ್ಕ) ಓದಿ, ಹೊಸ ದತ್ತಾಂಶ ಮತ್ತು ಪ್ಯಾರಿಟಿಯನ್ನು ಬರೆಯುವ ನಾಲ್ಕು ಕೆಲಸಗಳಾಗುತ್ತವೆ. ಇದಕ್ಕೆಲ್ಲ ಸೇರಿ ಒಂದು ಕಡತಕ್ಕೆ 10 ಮಿಲಿಸೆಕೆಂಡ್ ಹಿಡಿಯಿತು ಎನ್ನೋಣ. 8 ಮೆಗಾಬೈಟ್‌ನ ಫೋಟೊ ಗಿಗಾಬಿಟ್ ತಂತಿಯಲ್ಲಿ ಸಾಗಲು 68 ಮಿಲಿಸೆಕೆಂಡ್ ತೆಗೆದುಕೊಳ್ಳುವುದರಿಂದ ಅದರ ಜೊತೆಗೆ 10 ಸೇರಿದರೂ ವೇಗ ಸೆಕೆಂಡಿಗೆ 100ರಷ್ಟು ಉಳಿಯುತ್ತದೆ. 40 ಕಿಲೋಬೈಟ್‌ನ ಪ್ರಿವ್ಯೂ ಚಿತ್ರಕ್ಕೆ ಸಾಗಣೆಯ ಸಮಯ 0.34 ಮಿಲಿಸೆಕೆಂಡ್, ವ್ಯವಹಾರದ ಸಮಯ ಅದೇ 10; ವೇಗ 4 ಮೆಗಾಬೈಟ್‌ಗೂ ಸ್ವಲ್ಪ ಕಡಿಮೆ. ನೀವು ಬರೆದ ಅಂಕಿ ಅದೇ. 10 ಗಿಗಾಬಿಟ್ ಕಾರ್ಡ್ ಹಾಕಿದರೆ 10.34 ಎಂಬುದು 10.03 ಆಗುತ್ತದೆ. ಅಂಗಡಿಯವರ ಸಲಹೆಯ ಬೆಲೆಯನ್ನು ಇದರಿಂದಲೇ ಅಳೆಯಬಹುದು. ಅಷ್ಟಕ್ಕೂ ತಿರುಗುವ ಡಿಸ್ಕ್‌ಗಳು ಗಿಗಾಬಿಟ್ ತಂತಿಯನ್ನೇ ತುಂಬಿಸಲಾರದೆ ಸೋಲುತ್ತಿರುವಾಗ ಅದರ ಹತ್ತುಪಟ್ಟು ದೊಡ್ಡ ದಾರಿಯಿಂದ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರ ಸುಲಭ. ಪ್ರಿವ್ಯೂ ಫೋಲ್ಡರ್‌ಗಳನ್ನು ಕುಗ್ಗಿಸದೆ ಒಂದೇ ಜಿಪ್ ಕಡತವಾಗಿ ಕಟ್ಟಿ ಕಳುಹಿಸಿ. ಜೆಪಿಇಜಿ ಚಿತ್ರಗಳು ಆಗಲೇ ಕುಗ್ಗಿರುವುದರಿಂದ ಮತ್ತೆ ಕುಗ್ಗಿಸಲು ಸಮಯ ಕೊಡಬೇಕಾಗಿಲ್ಲ. ಬಿಡಿಬಿಡಿಯಾಗಿಯೇ ಬೇಕಿದ್ದರೆ ವಿಂಡೋಸ್‌ನ ರೋಬೋಕಾಪಿ ಆಜ್ಞೆಯನ್ನು ಎಂಟು ಥ್ರೆಡ್‌ಗಳೊಂದಿಗೆ (ಏಕಕಾಲಕ್ಕೆ ಎಂಟು ಕಡತ) ಓಡಿಸಿ; ಒಂದು ಕಡತ ಕಾಯುತ್ತಿರುವಾಗ ಉಳಿದವು ಮುಂದುವರಿಯುತ್ತವೆ. ಒಂದೇ ಫೋಲ್ಡರ್‌ನಲ್ಲಿ ಹತ್ತಾರು ಸಾವಿರ ಕಡತಗಳನ್ನು ಸುರಿಯಬೇಡಿ. ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲದ ಕಾರಣ, ಹೊಸ ಹೆಸರೊಂದು ಬಂದಾಗ ಸಾಂಬಾ ಆ ಫೋಲ್ಡರ್‌ನ ಎಲ್ಲ ಹೆಸರುಗಳನ್ನೂ ಹೋಲಿಸಿ ನೋಡಬೇಕಾಗುತ್ತದೆ. ಈ ವರ್ಷ ಹಣ ಹಾಕಲೇಬೇಕೆಂದಿದ್ದರೆ, ನಡೆಯುತ್ತಿರುವ ಕೆಲಸಗಳಿಗೆಂದು ಒಂದು ಜೋಡಿ ಎಸ್‌ಎಸ್‌ಡಿಗಳನ್ನು ರೇಯ್ಡ್ 1ರಲ್ಲಿ (ಎರಡರಲ್ಲೂ ಒಂದೇ ಪ್ರತಿ ಇರುವಂತೆ) ಹಾಕಿ, ಮುಗಿದ ಆಲ್ಬಮ್‌ಗಳನ್ನು ಮಾತ್ರ ಹಾರ್ಡ್‌ಡಿಸ್ಕ್‌ಗೆ ಸರಿಸುವುದನ್ನು ನಾನು ಒತ್ತಾಯಪೂರ್ವಕವಾಗಿ ಸೂಚಿಸುತ್ತೇನೆ.

ಸಾಂಬಾ ಸೆಟ್ಟಿಂಗ್‌ಗಳನ್ನು ತಿದ್ದುವ ಹಳೆಯ ಸಲಹೆಗಳು ನಿಮ್ಮ ಕೈಗೆ ಬಂದೇ ಬರುತ್ತವೆ. ಸಾಕೆಟ್ ಆಪ್ಷನ್ಸ್ ಎಂಬ ಸಾಲಿನಲ್ಲಿ ಬಫರ್‌ಗೆ (ದತ್ತಾಂಶ ತಾತ್ಕಾಲಿಕವಾಗಿ ನಿಲ್ಲುವ ಜಾಗ) 8192 ಎಂದು ಬರೆಯುವುದು ಅವುಗಳಲ್ಲಿ ಪ್ರಸಿದ್ಧವಾದದ್ದು. ಈಗಿನ ಲಿನಕ್ಸ್ ಆ ಬಫರ್‌ಗಳನ್ನು ಅಗತ್ಯಕ್ಕೆ ತಕ್ಕಂತೆ ತಾನೇ ಹಿಗ್ಗಿಸುತ್ತದೆ, ಈ ಸಾಲು ಆ ಸಾಮರ್ಥ್ಯವನ್ನು ನಿಲ್ಲಿಸಿಬಿಡುತ್ತದೆ. ನಿಮ್ಮ ಸರ್ವರ್‌ನಲ್ಲಿ ಅಂಥ ಸಾಲು ಇದ್ದರೆ ತೆಗೆದುಹಾಕಿ. ಪ್ಯಾಕೆಟ್‌ನ ಗಾತ್ರ ಹಿಗ್ಗಿಸುವ ಜಂಬೊ ಫ್ರೇಮ್‌ನ ಗೋಜಿಗೂ ಹೋಗಬೇಡಿ. ಗಿಗಾಬಿಟ್‌ನಲ್ಲಿ ಅದರ ಲಾಭ ಅಲ್ಪ, ಒಂದು ಸಾಧನದಲ್ಲಿ ಹಾಕಲು ಮರೆತರೆ ತೊಂದರೆ ದೊಡ್ಡದು.

ಬೆಂಗಳೂರಿನ ವಿಷಯಕ್ಕೆ ಬಂದರೆ, ನಿಮ್ಮ ಬ್ರಾಡ್‌ಬ್ಯಾಂಡ್ ಯೋಜನೆಯ ಅಪ್‌ಲೋಡ್ ವೇಗ ಎಷ್ಟೆಂದು ಮೊದಲು ಬಿಲ್‌ನಲ್ಲಿ ನೋಡಿ, ಡೌನ್‌ಲೋಡ್‌ನಷ್ಟೇ ಇರಬೇಕೆಂದೇನಿಲ್ಲ. ಅಪ್‌ಲೋಡ್ ನಿಜವಾಗಿ 100 ಮೆಗಾಬಿಟ್ ಸಿಗುತ್ತಿದ್ದರೆ 60 ಜಿಬಿಯಷ್ಟಿದ್ದ ಕೆಲಸವೂ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ಬೆಳಗಾದರೂ ಮುಗಿಯುತ್ತಿಲ್ಲವೆಂದರೆ ದಾರಿಯಲ್ಲಿ ಪ್ಯಾಕೆಟ್ ನಷ್ಟವಿರುವ ಸಾಧ್ಯತೆ ಹೆಚ್ಚು. ಹೋಗಿಬರುವ ಸಮಯ 20 ಮಿಲಿಸೆಕೆಂಡ್ ಇರುವ ದಾರಿಯಲ್ಲಿ ನೂರಕ್ಕೆ ಒಂದು ಪ್ಯಾಕೆಟ್ ಕಳೆದುಹೋದರೂ ಸಾಂಪ್ರದಾಯಿಕ ಟಿಸಿಪಿ (ಇಂಟರ್ನೆಟ್‌ನಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿ) ಸಂಪರ್ಕವೊಂದು 7 ಮೆಗಾಬಿಟ್‌ನ ಸುತ್ತ ನಿಂತುಬಿಡುತ್ತದೆ, ಏಕೆಂದರೆ ಪ್ರತಿ ನಷ್ಟವನ್ನೂ ದಟ್ಟಣೆ ಎಂದೇ ಭಾವಿಸಿ ಅದು ತನ್ನ ವೇಗ ತಗ್ಗಿಸುತ್ತದೆ. ದಾರಿಯ ಪ್ರತಿ ಹಂತದಲ್ಲೂ ಪ್ಯಾಕೆಟ್ ನಷ್ಟ ಅಳೆಯುವ ಎಂಟಿಆರ್ ಎಂಬ ತಂತ್ರಾಂಶವನ್ನು ರಾತ್ರಿ ಕಳುಹಿಸುವ ಹೊತ್ತಿನಲ್ಲೇ ಪ್ರೆಸ್‌ನ ಸರ್ವರ್‌ನತ್ತ ಕೆಲವು ನಿಮಿಷ ಓಡಿಸಿ. ನಡುವಿನ ಒಂದು ರೂಟರ್‌ನಲ್ಲಿ ಮಾತ್ರ ನಷ್ಟ ಕಂಡು ಮುಂದಿನವುಗಳಲ್ಲಿ ಕಾಣದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ, ಆ ರೂಟರ್ ನಿಮ್ಮ ಪರೀಕ್ಷೆಗೆ ಉತ್ತರಿಸಲು ಉದಾಸೀನ ಮಾಡುತ್ತಿದೆ ಅಷ್ಟೇ. ಮೊದಲ ಒಂದೆರಡು ಹಂತಗಳಿಂದಲೇ ಆರಂಭವಾಗಿ ಕೊನೆಯವರೆಗೂ ನಷ್ಟ ಮುಂದುವರಿದರೆ ಆ ಫಲಿತಾಂಶವನ್ನು ಸಮಯದೊಂದಿಗೆ ಉಳಿಸಿ ಸೇವಾದಾರರಿಗೆ ಕಳುಹಿಸಿ. ‘ನೆಟ್ ಸ್ಲೋ ಇದೆ’ ಎಂಬ ದೂರಿಗಿಂತ ಇಂಥ ದಾಖಲೆಗೆ ಬೇಗ ಕೆಲಸವಾಗುತ್ತದೆ.

ಕಳುಹಿಸುವ ಕೆಲಸವನ್ನು ಯಾರದೋ ಲ್ಯಾಪ್‌ಟಾಪ್‌ನ ವೈಫೈ ಮೂಲಕ ಮಾಡದೆ ಸರ್ವರ್‌ನಿಂದಲೇ ಮಾಡಿಸಿ. ಪ್ರೆಸ್‌ನವರು ಎಸ್‌ಎಸ್‌ಎಚ್ ಮೂಲಕ ತಮ್ಮ ಸರ್ವರ್‌ಗೆ ದೂರದಿಂದ ಸುರಕ್ಷಿತ ಪ್ರವೇಶ ಕೊಡಲು ಒಪ್ಪಿದರೆ ಕಡತ ಕಳುಹಿಸುವ ಆರ್‌ಸಿಂಕ್ ಆಜ್ಞೆ ಬಳಸಿ, ಅರ್ಧ ಹೋದ ಕಡತವನ್ನು ಉಳಿಸಿಕೊಳ್ಳುವ ಪಾರ್ಷಿಯಲ್ ಆಯ್ಕೆಯನ್ನು ಸೇರಿಸಿ. ನಡುರಾತ್ರಿ ಕರೆಂಟ್ ಹೋಗಿ ಸಂಪರ್ಕ ಕಡಿದರೂ ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟಾಗ ಮುಗಿದ ಕಡತಗಳನ್ನು ಬಿಟ್ಟು ಉಳಿದವನ್ನಷ್ಟೇ ಅದು ಕಳುಹಿಸುತ್ತದೆ.